ಅವರೆಕಾಯಿ ಕಾಲದ ಹಸಿವು

ಮೊನ್ನೆ ಬಸ್ತಿಹಳ್ಳಿ ತಿರುವಿನಲ್ಲಿ ಇಬ್ಬರು ಹೆಂಗಸರು ಕೈ ಅಡ್ಡ ಹಾಕಿ ಬಸ್ಸು ನಿಲ್ಲಿಸಿದರು. ಅವರಿಗಿಂತ ಮೊದಲು ಅವರ ಗೋಣಿಚೀಲ ಹತ್ತಿತು. ಒಳಗೇನಿದೆ ಎಂದು ಕೇಳಬೇಕಾಗಲಿಲ್ಲ. ಬಾಗಿಲು ಹಾಕಿ ಸೀಟಿ ಊದುವಷ್ಟರಲ್ಲಿ ಅವರೆಕಾಯಿಯ ಸೊಗಡು ಡ್ರೈವರ್ ಸೀಟಿನಿಂದ ಹಿಂದಿನ ಕಿಟಕಿಯವರೆಗೂ ತುಂಬಿಕೊಂಡಿತ್ತು. ಕಿಟಕಿಯ ಪಕ್ಕ ತೂಕಡಿಸುತ್ತಿದ್ದ ಅಜ್ಜನೊಬ್ಬ ಕಣ್ಣು ಬಿಡದೆಯೇ, "ಈ ಸಲ ಇಬ್ಬನಿ ಚೆನ್ನಾಗಿ ಬಿದ್ದೈತೆ ಕಣ್ರೀ" ಎಂದ.

"ಅಕ್ಕಾ, ಚೀಲಕ್ಕೂ ಟಿಕೆಟ್ ಹರೀತೀಯಾ?" ಎಂದು ಆ ಹೆಂಗಸರಲ್ಲಿ ಒಬ್ಬಳು ನಗುತ್ತ ಕೇಳಿದಳು. ಬೇರೆ ದಿನವಾಗಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಈ ರೂಟಿನಲ್ಲಿ ನನ್ನ ಬಾಯಿಗೆ ಸ್ವಲ್ಪ ಹೆಸರಿದೆ. ಅವತ್ತು ಮಾತ್ರ "ಸೀಟಿನ ಕೆಳಕ್ಕೆ ತಳ್ಳಮ್ಮ" ಎಂದಷ್ಟೇ ಹೇಳಿ, ಮುಂದೆ ಹೋಗಿ ಕಂಬಿ ಹಿಡಿದು ನಿಂತುಕೊಂಡೆ. ಬೇಲೂರು ಬರುವವರೆಗೂ ಆ ಚೀಲದ ಕಡೆ ತಿರುಗಿ ನೋಡಲಿಲ್ಲ.

ನಾನು ಅರಸೀಕೆರೆ–ಹಳೇಬೀಡು–ಬೇಲೂರು ಬಸ್ಸಿನ ಕಂಡಕ್ಟರ್. ಹೆಸರು ಮಂಜುಳಾ. ತವರು ಹಗರೆ, ಗಂಡನ ಮನೆ ಹಾರನಹಳ್ಳಿ. ಕೆಲವು ವರ್ಷಗಳ ಹಿಂದೆ, ಇದೇ ಅವರೆಕಾಯಿ ಕಾಲದಲ್ಲಿ, ಮೈ ಇಳಿಸುವುದಕ್ಕೆಂದು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿ ಮಲಗಿದ್ದೆ. ಹಸಿವಿನಿಂದ ಒದ್ದಾಡಿದವಳು ನಾನು. ಹೋದವರು ನಮ್ಮತ್ತೆ. ಇವೆರಡು ಮಾತನ್ನೂ ಒಟ್ಟಿಗೆ ಹೇಳಬೇಡ, ಒಂದಕ್ಕೊಂದು ಸಂಬಂಧ ಇಲ್ಲ ಎಂದು ನನ್ನ ಗಂಡ ಈಗಲೂ ಹೇಳುತ್ತಾರೆ. ನನಗೆ ಬೇರೆ ಬೇರೆ ಮಾಡಿ ಹೇಳುವುದಕ್ಕೆ ಬರುವುದಿಲ್ಲ.

ನಮ್ಮತ್ತೆ ಕೆಂಪಮ್ಮ ಕಡ್ಡಿಯ ಹಾಗಿದ್ದರು. ಊಟ ಮಾತ್ರ ಗಟ್ಟಿ ಊಟ. ಕೈ ತುಂಬುವ ರಾಗಿಮುದ್ದೆ ಎರಡು, ಮೇಲೆ ಅನ್ನ, ಮೇಲೆ ಮಜ್ಜಿಗೆ. ಸಕ್ಕರೆ ಕಾಯಿಲೆ ಬಂದು ಮಾತ್ರೆ ಶುರುವಾದ ಮೇಲೆ ಅನ್ನ ಬಿಟ್ಟರು, ಮುದ್ದೆ ಬಿಡಲಿಲ್ಲ. ನಾನು ಒಂದು ಮುದ್ದೆ ಉಂಡರೂ ಊದುತ್ತಿದ್ದೆ. ಮನೆಗೆ ಯಾರೇ ಬರಲಿ, ಅತ್ತೆ ನಮ್ಮಿಬ್ಬರನ್ನೂ ತೋರಿಸಿ, "ಉಣ್ಣೋಳು ನಾನು, ಹತ್ತೋದು ಮಾತ್ರ ಅವಳ ಮೈಗೆ. ಒಂದೇ ಮನೆ ಅಲ್ವಾ, ಎಲ್ಲಿ ಹತ್ತುದ್ರೇನು?" ಎಂದು ನಗುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ಈ ಮಾತಿಗೆ ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ಯಾರಾದರೂ ಬಂದಾಗ ಅತ್ತೆ ಅದನ್ನು ಹೇಳದಿದ್ದರೆ ಏನೋ ಬಿಟ್ಟುಹೋದಂತೆ ಅನ್ನಿಸುತ್ತಿತ್ತು.

ಮನೆಯಲ್ಲಿ ಒಂದು ರೂಢಿ. ಗಂಡಸರದ್ದೆಲ್ಲ ಆದ ಮೇಲೆ ಅಡುಗೆಮನೆಯಲ್ಲಿ ನಾವಿಬ್ಬರೂ ಎದುರುಬದುರು ಕೂತು ಉಣ್ಣುವುದು. ಮಾವ ಇದ್ದಾಗಲೂ ಹಾಗೇ, ಅವರು ಹೋದ ಮೇಲೂ ಹಾಗೇ. ನನಗೆ ಡ್ಯೂಟಿ ಇದ್ದ ದಿನ ಅತ್ತೆ ಬೆಳಿಗ್ಗೆ ಒಂದು ರೊಟ್ಟಿ ತಿಂದು ಮಾತ್ರೆ ನುಂಗಿ, ಮಧ್ಯಾಹ್ನದ ಊಟಕ್ಕೆ ನಾನು ಬರುವವರೆಗೆ ಕಾಯುತ್ತಿದ್ದರು. ಮೂರು ಗಂಟೆಯಾದರೂ ಸರಿ, ಮೂರೂವರೆಯಾದರೂ ಸರಿ. ಸಕ್ಕರೆ ಕಾಯಿಲೆಯವರು ಹಾಗೆ ಕಾಯಬಾರದು ಎಂದು ಎಷ್ಟು ಬೈದರೂ, "ಎದುರಿಗೆ ಒಂದು ಮುಖ ಇಲ್ದೆ ತುತ್ತು ಇಳಿಯಲ್ಲ ಕಣೇ" ಎನ್ನುತ್ತಿದ್ದರು.

ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ನಮ್ಮ ಬಸ್ಸಿನಲ್ಲಿ ಕಾಲಿಡುವುದಕ್ಕೂ ಜಾಗ ಇರುತ್ತಿರಲಿಲ್ಲ. ಸೀಟುಗಳ ನಡುವಿನ ಜಾಗದಲ್ಲಿ ನಾನು ಅಡ್ಡಡ್ಡ ತೂರಿಕೊಂಡು ಹೋಗಬೇಕಿತ್ತು. "ಮಂಜಕ್ಕ ಈ ಕಡೆಗೆ ಬಂದ್ರೆ ಇಬ್ಬರು ಇಳೀಬೇಕು ಕಣ್ರೋ" ಎಂದು ಯಾರಾದರೂ ಅಂದರೆ ಎಲ್ಲರಿಗಿಂತ ಮೊದಲು ನಾನೇ ನಗುತ್ತಿದ್ದೆ. ಹಾಗೆ ಮೊದಲೇ ನಕ್ಕುಬಿಟ್ಟರೆ ಉಳಿದವರ ನಗು ಅಷ್ಟಾಗಿ ನಾಟುವುದಿಲ್ಲ. ಆದರೆ ಮಂಡಿ ನಗುವ ಸ್ಥಿತಿಯಲ್ಲಿರಲಿಲ್ಲ. ಬಿ.ಪಿ. ಏರಿತ್ತು. ಬೇಲೂರು ಸ್ಟ್ಯಾಂಡಿನಲ್ಲಿ ಒಂದು ದಿನ ಮೆಟ್ಟಿಲು ಹತ್ತಲಾರದೆ ಬಾಗಿಲ ಕಂಬಿ ಹಿಡಿದು ಏದುಸಿರು ಬಿಡುತ್ತ ನಿಂತೆ. ಡ್ರೈವರ್ ಇಳಿದು ಬಂದು ಕೈ ಹಿಡಿದು ಹತ್ತಿಸಿದರು. ಮನೆಗೆ ಬಂದು ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದೆ.

ಅತ್ತೆ ಕೂಗಾಡಿದರು. "ದೇವರು ಕೊಟ್ಟ ಹೊಟ್ಟೆನ ಕುಯ್ಸ್ಕಂಡು ಬತ್ತೀನಿ ಅಂತೀಯಲ್ಲ, ಬುದ್ಧಿ ಎಲ್ಲಿಟ್ಟಿದೀಯೇ? ಮುದ್ದೆ ಅರ್ಧ ಮಾಡ್ಕಂಡ್ರೆ ಆಗಾಕಿಲ್ವಾ?" ಎಂದರು. ಅರ್ಧ ಮಾಡಿಕೊಂಡು ನೋಡಿದ್ದೆ, ಪೂರ್ತಿ ಬಿಟ್ಟೂ ನೋಡಿದ್ದೆ. ಅತ್ತೆಗೂ ಅದು ಗೊತ್ತಿತ್ತು. ನಾನು ಬೆಂಗಳೂರಿನ ಆಸ್ಪತ್ರೆಗೆ ಹೊರಟ ದಿನ ಅವರು ಹೊಸಲಿನ ಮೇಲೆ ಕೂತು ನನ್ನ ಮುಖ ನೋಡದೆ ರಾಗಿ ಆರಿಸುತ್ತಿದ್ದರು. ಟೆಂಪೋ ತಿರುವು ದಾಟುವಾಗ ಹಿಂತಿರುಗಿ ನೋಡಿದರೆ ಮೊರ ಕೆಳಗಿಟ್ಟು ಎದ್ದು ನಿಂತಿದ್ದರು.

"ಹಸಿವು ಹುಟ್ಟಿಸೋ ಭಾಗವನ್ನೇ ತೆಗೀತೀವಮ್ಮ, ಮೊದಲಿನ ಹಾಗೆ ಹಸಿವಾಗಲ್ಲ" ಎಂದು ಡಾಕ್ಟರು ಹೇಳಿದ್ದರು. ಸುಳ್ಳಲ್ಲ. ಮೊದಲ ದಿನಗಳಲ್ಲಿ ನೋವೊಂದನ್ನು ಬಿಟ್ಟರೆ ಹೊಟ್ಟೆ ಇದೆಯೆಂದೇ ಅನ್ನಿಸುತ್ತಿರಲಿಲ್ಲ. ಔಷಧಿ ಬಾಟಲಿಯ ಮುಚ್ಚಳದಷ್ಟು ಪುಟ್ಟ ಲೋಟದಲ್ಲಿ ಎಳನೀರು, ಬೇಳೆಯ ತಿಳಿ, ನೀರು ಮಜ್ಜಿಗೆ. ಅದನ್ನೂ ಗುಟುಕು ಗುಟುಕಾಗಿ, ನಡುವೆ ಬಿಟ್ಟು ಬಿಟ್ಟು. ಅವಸರಪಟ್ಟರೆ ಎದೆಯ ನಡುವೆ ಕಲ್ಲು ಸಿಕ್ಕಿಕೊಂಡಂತಾಗಿ ಎಲ್ಲ ವಾಪಸು ಬರುತ್ತಿತ್ತು. ಹಾರನಹಳ್ಳಿಗೆ ಬಂದು, ನೋವು ಇಳಿದು, ಎದ್ದು ಓಡಾಡುವಂತಾದ ಮೇಲೆ ಹಸಿವು ಬಂತು. ಡಾಕ್ಟರು ಅದನ್ನು ಹೊಟ್ಟೆಯಿಂದ ತೆಗೆದಿದ್ದರೇ ಹೊರತು ನನ್ನ ಮೂಗು, ಕಿವಿ, ಬಾಯಿಂದ ತೆಗೆದಿರಲಿಲ್ಲ.

ಪಕ್ಕದ ಮನೆಯಲ್ಲಿ ಒಗ್ಗರಣೆ ಸಿಡಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಅತ್ತೆ ಹಿಟ್ಟಿನ ಪಾತ್ರೆಗೆ ಕೋಲು ಹಾಕಿ ತಿರುಗಿಸುವ ಸದ್ದು ಕೇಳಿದರೆ ಬಾಯಿ ತಾನಾಗಿಯೇ ಅಗಿಯುತ್ತಿತ್ತು. ಟಿ.ವಿ. ಹಾಕಿದರೆ ಅಡುಗೆ ಕಾರ್ಯಕ್ರಮ, ಫೋನು ತೆಗೆದರೆ ಯಾರದೋ ಬಿರಿಯಾನಿ. ಹಸಿವಾದಾಗ ಬೇರೆ ಕೆಲಸದ ಕಡೆ ಗಮನ ಕೊಡಿ ಎಂದು ಆಸ್ಪತ್ರೆಯಲ್ಲಿ ಊಟದ ವಿಚಾರ ಹೇಳುವ ಹುಡುಗಿ ಫೋನಿನಲ್ಲಿ ಹೇಳುತ್ತಿದ್ದಳು. ಅವಳು ಒಳ್ಳೆಯವಳು, ಸಣ್ಣಗಿನ ದನಿ. ನೀವು ಊಟ ಮಾಡಿದ್ರಾ ಎಂದು ನಾನೇ ಕೇಳಿದರೆ, ಪಾಪ, ಉತ್ತರ ಹೇಳುವುದಕ್ಕೆ ಸಂಕೋಚಪಡುತ್ತಿದ್ದಳು.

ನನ್ನ ಗಂಡ ರಮೇಶ್ ತೆಂಗಿನಕಾಯಿ, ಕೊಬ್ಬರಿ ಚೀಲಗಳನ್ನು ಟೆಂಪೋದಲ್ಲಿ ಅರಸೀಕೆರೆ ಮಾರುಕಟ್ಟೆಗೆ ಹೊಡೆಯುತ್ತಾರೆ. ಒಂದು ದಿನ ಅವರ ಟೆಂಪೋದಿಂದ ಬಿದ್ದ ಕೊಬ್ಬರಿ ಬಟ್ಟಲು ಜಗಲಿಯ ಮೇಲಿತ್ತು. ಎತ್ತಿಕೊಂಡು ಬಚ್ಚಲ ಮನೆಗೆ ಹೋದೆ. ಒಂದು ಚೂರು ಮುರಿದು ಬಾಯಿಗೆ ಹಾಕಿ ಅಗಿದೆ, ಅಗಿದು ಬೂದಿಯ ಗುಡ್ಡೆಗೆ ಉಗುಳಿದೆ. ಮತ್ತೊಂದು ಚೂರು, ಮತ್ತೆ ಉಗುಳುವುದು. ಸಿಹಿ ಗಂಟಲ ತನಕ ಬರುತ್ತಿತ್ತು, ಅಲ್ಲಿಂದ ಕೆಳಕ್ಕೆ ಬಿಡುವ ಹಾಗಿರಲಿಲ್ಲ. ಅಳುತ್ತ ಅಗಿಯುತ್ತಿದ್ದೆ. ತಿರುಗಿ ನೋಡಿದರೆ ನೀರಿನ ಬಿಂದಿಗೆ ಹಿಡಿದುಕೊಂಡು ಅತ್ತೆ ಬಾಗಿಲಲ್ಲಿ ನಿಂತಿದ್ದರು.

ಬಿಂದಿಗೆ ಇಳಿಸಿ, ನನ್ನ ಬಾಯಿ ತೊಳೆಸಿ, ಸೆರಗಿನಲ್ಲಿ ಮುಖ ಒರೆಸಿದರು. ಮಾರನೆಯ ದಿನದಿಂದ ಅಡುಗೆ ಹಿತ್ತಿಲಿಗೆ ಹೋಯಿತು. ಗ್ಯಾಸ್ ಒಲೆ ಇರುವ ಮನೆಯಲ್ಲಿ, ತೆಂಗಿನ ಗರಿಯ ಚಪ್ಪರದ ಕೆಳಗೆ ನೀರು ಕಾಯಿಸುವ ಒಲೆಗೆ ಸೌದೆ ಒಟ್ಟಿ, ಹೊಗೆಯಲ್ಲಿ ಕಣ್ಣುಜ್ಜಿಕೊಂಡು ಮುದ್ದೆ ತೊಳಸುತ್ತಿದ್ದರು. "ಇದ್ಯಾಕೆ ಅತ್ತೆ ಈ ವಯಸ್ಸಲ್ಲಿ?" ಎಂದರೆ, "ಸೌದೆ ಒಲೆ ಮುದ್ದೆ ರುಚಿನೇ ಬೇರೆ. ನೀನು ಒಳಗೆ ಹೋಗಿ ಕದ ಹಾಕ್ಕ" ಎನ್ನುತ್ತಿದ್ದರು. ಊಟವೂ ಅಲ್ಲೇ. ಹಸಿದವರ ಕಣ್ಣೆದುರಿಗೆ ಉಣ್ಣಬಾರದು ಎನ್ನುವುದು ಅವರ ಲೆಕ್ಕ. ನನ್ನ ಗಂಡ ಮಧ್ಯಾಹ್ನ ಅರಸೀಕೆರೆಯಲ್ಲೇ ಹೋಟೆಲಿನಲ್ಲಿ ಉಣ್ಣುತ್ತಿದ್ದರು. ಹೀಗಾಗಿ ಮನೆಯೊಳಗೆ ನಾನು, ನನ್ನ ಪುಟ್ಟ ಲೋಟ. ಹಿತ್ತಿಲಲ್ಲಿ ಅತ್ತೆ, ಅವರ ತಟ್ಟೆ. ಮದುವೆಯಾಗಿ ಬಂದಾಗಿನಿಂದ ಮೊದಲ ಸಲ ನಾವು ಬೇರೆ ಬೇರೆ ಕಡೆ ಕೂತೆವು.

ಆ ವಾರ ನಮ್ಮಣ್ಣ ಹಗರೆಯಿಂದ ಒಂದು ಮೂಟೆ ಅವರೆಕಾಯಿ ಕಳಿಸಿದ. ಪ್ರತಿ ವರ್ಷದ ಹಾಗೆ ಕಳಿಸಿದ್ದ, ಪಾಪ, ಅವನಿಗೆ ಹೊಳೆದಿರಲಿಲ್ಲ. ಮೂಟೆ ಬಿಚ್ಚುವ ಮೊದಲೇ ಅತ್ತೆ ಅದನ್ನು ಬೀದಿಗೆ ಹಂಚುವುದಕ್ಕೆ ಹೊರಟರು. ನಾನು ಅಡ್ಡ ನಿಂತೆ. "ಬಾಯಿಗಂತೂ ಕೆಲಸ ಇಲ್ಲ, ಕೈಗಾದ್ರೂ ಕೊಡಿ ಅತ್ತೆ" ಎಂದೆ. ಆವತ್ತಿನಿಂದ ಜಗಲಿಯ ಬಿಸಿಲಲ್ಲಿ ನನಗೆ ಅದೇ ಕೆಲಸ. ಕಾಯಿ ಸುಲಿಯುವುದು, ಕಾಳು ನೆನೆಹಾಕುವುದು, ಮಾರನೆಯ ದಿನ ಒಂದೊಂದೇ ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹಿತುಕುವುದು. ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತಿತ್ತು. ಬೆರಳಿಗೆ ಹತ್ತಿದ ಸೊಗಡನ್ನು ಮೂಸಿ ನೋಡುತ್ತಿದ್ದೆ. ಅಷ್ಟು ಹತ್ತಿರ ಇಟ್ಟುಕೊಂಡು ಅಷ್ಟು ಹೊತ್ತು ಕೂತರೆ ಹಸಿವು ರೇಗಿ ರೇಗಿ ಕೊನೆಗೆ ತಾನೇ ಸುಸ್ತಾಗಿ ಸುಮ್ಮನಾಗುತ್ತಿತ್ತು. ಆ ಹುಡುಗಿ ಹೇಳಿದ್ದ ಬೇರೆ ಕೆಲಸ ನನಗೆ ಸಿಕ್ಕಿದ್ದು ಹೀಗೆ.

ಅತ್ತೆ ಎದುರಿಗೆ ಕೂತು ಹಿತುಕುತ್ತಿದ್ದರು. ಎರಡು ಕೈಯಲ್ಲೂ ಒಟ್ಟಿಗೆ ಹಿತುಕುವ ಕೈಚಳಕ ಅವರದು. ಹಿತುಕಿದ್ದರಲ್ಲಿ ಒಂದು ಪಾಲನ್ನು ಬೇರೆ ತೆಗೆದು, ಮಾವನ ಹಳೆಯ ಪಂಚೆಯ ಮೇಲೆ ಹರಡಿ ತಾರಸಿಯಲ್ಲಿ ಒಣಹಾಕಿದರು. ಯಾರಿಗೆ ಇದು ಎಂದು ಕೇಳಿದೆ.

"ನಿನ್ ಪಾಲು. ಒಣಗಿಸಿ ಡಬ್ಬಕ್ಕೆ ತುಂಬಿಡ್ತೀನಿ. ಹೊಟ್ಟೆ ನೆಟ್ಟಗಾದ ಮೇಲೆ ಸಾರು ಮಾಡಣ, ಇಬ್ಬರೂ ಉಣ್ಣಣ. ಅಲ್ಲೀವರೆಗೂ ನಾನೂ ಹಿತುಕಿದ ಬೇಳೆ ಮುಟ್ಟಾಕಿಲ್ಲ."

ಬೇಳೆ ಮುಟ್ಟುವುದಿಲ್ಲ ಎಂದಷ್ಟೇ ಹೇಳಿದ್ದರು. ನನಗೆ ಅಷ್ಟೇ ಎಂದುಕೊಳ್ಳುವುದಕ್ಕೆ ಕಾರಣವೂ ಇತ್ತು. ದಿನಾ ಹಿತ್ತಿಲಲ್ಲಿ ಕೋಲಿನ ಸದ್ದು ಕೇಳುತ್ತಿತ್ತು, ತೊಳೆದ ತಟ್ಟೆ ಒಳಗೆ ಬರುತ್ತಿತ್ತು. ಅವರು ಇನ್ನೂ ಸಣ್ಣಗಾದಂತೆ ಅನ್ನಿಸಿದರೂ ಅವರು ಯಾವಾಗ ಸಣ್ಣಗಿರಲಿಲ್ಲ? ದಪ್ಪಗಾದದ್ದು ಮಾತ್ರ ನಮ್ಮ ಬೀದಿಯ ಕೆಂಚ ಎನ್ನುವ ನಾಯಿ. ಎಲುಬು ಎಣಿಸುವ ಹಾಗಿದ್ದದ್ದು ಮೈ ತುಂಬಿಕೊಂಡು ಮಿಂಚುತ್ತಿತ್ತು, ಮಧ್ಯಾಹ್ನವಾದರೆ ಮನೆಯ ಯಜಮಾನನಂತೆ ಹಿತ್ತಿಲಿಗೆ ಹೋಗುತ್ತಿತ್ತು. "ನೋಡಿ ಅತ್ತೆ, ನನ್ನ ಮೈಯಿಂದ ಇಳಿದಿದ್ದೆಲ್ಲ ಕೆಂಚನಿಗೆ ಹತ್ತೈತೆ" ಎಂದೆ ಒಂದು ದಿನ. ಅತ್ತೆ ನಕ್ಕರು. ಬೇಕಾದದ್ದಕ್ಕಿಂತ ಸ್ವಲ್ಪ ಜೋರಾಗಿಯೇ ನಕ್ಕರು.

ಸಂಕ್ರಾಂತಿ ಹತ್ತಿರ ಬಂದಿತ್ತು. ನನಗೆ ಗಂಜಿ, ನುಣ್ಣಗೆ ಕಿವುಚಿದ ಬೇಳೆ, ಚಮಚದ ಲೆಕ್ಕದಲ್ಲಿ ಶುರುವಾಗಿತ್ತು. ಒಂದು ಮಧ್ಯಾಹ್ನ ಗಂಜಿಯ ಬಟ್ಟಲು ಹಿಡಿದು ಒಳಗೆ ಕೂತಿದ್ದೆ. ಹಿತ್ತಿಲಲ್ಲಿ ತಟ್ಟೆ ಬಿದ್ದ ಸದ್ದಾಯಿತು. "ಅತ್ತೆ" ಎಂದೆ. ಉತ್ತರ ಬರಲಿಲ್ಲ. ಕದ ತೆಗೆದು ಹೋದರೆ ಅತ್ತೆ ಒಲೆಯ ಪಕ್ಕ ಒರಗಿ ಬಿದ್ದಿದ್ದರು. ಮೈಯೆಲ್ಲ ಬೆವರು, ಕಣ್ಣು ಎಲ್ಲೋ ನೋಡುತ್ತಿತ್ತು, ಬಾಯಿ ತೊದಲುತ್ತಿತ್ತು. ಮುಟ್ಟದ ಮುದ್ದೆ ನೆಲದ ಮೇಲೆ ಹೊರಳಿತ್ತು. ಕೆಂಚ ಅವಸರವೇ ಇಲ್ಲದೆ ಅದನ್ನು ತಿನ್ನುತ್ತಿದ್ದ. ಅದು ತನ್ನ ದಿನದ ಪಾಲು ಎಂಬಂತೆ ತಿನ್ನುತ್ತಿದ್ದ.

ಅಡುಗೆಮನೆಗೆ ಓಡಿ ಬೆಲ್ಲ ತಂದು ಪುಡಿಮಾಡಿ ಅವರ ಕೆನ್ನೆಯೊಳಗೆ ಸವರಿದೆ. ಭಾರ ಎತ್ತಬಾರದು ಎಂದಿದ್ದರು ನನಗೆ. ಆದರೆ ಅವರನ್ನು ಎತ್ತಿ ತೊಡೆಯ ಮೇಲೆ ಮಲಗಿಸಿಕೊಂಡಾಗ ಭಾರವೇ ಅನ್ನಿಸಲಿಲ್ಲ. ಆಗ ನನಗೆ ಹೆದರಿಕೆಯಾಯಿತು. ಪಕ್ಕದ ಮನೆಯವರ ಆಟೋದಲ್ಲಿ ಅರಸೀಕೆರೆಗೆ ಕರೆದುಕೊಂಡು ಹೋದೆವು.

ಗ್ಲೂಕೋಸ್ ಬಾಟಲಿ ಹಾಕಿದ ಮೇಲೆ ಅತ್ತೆಗೆ ಎಚ್ಚರವಾಯಿತು. ಸಕ್ಕರೆ ತೀರ ಇಳಿದುಹೋಗಿತ್ತು ಎಂದರು. "ಅಜ್ಜಿ ಮಾತ್ರೆ ತಗೊಂಡು ಏನು ತಿಂತಿದ್ರು?" ಎಂದು ನರ್ಸು ಕೇಳಿದಳು. ಎರಡು ಮುದ್ದೆ ಎನ್ನಲು ನಾನು ಬಾಯಿ ತೆಗೆಯುವಷ್ಟರಲ್ಲಿ ಅತ್ತೆ, "ಗಂಜಿ" ಎಂದರು. "ಇವಳು ಏನು ಕುಡೀತಾಳೋ ಅಷ್ಟೇಯ. ಇವಳು ಲೋಟದಲ್ಲಿ ಕುಡಿದ್ರೆ ಲೋಟ, ಚಮಚದಲ್ಲಿ ಕುಡಿದ್ರೆ ಚಮಚ."

"ಅತ್ತೆ!"

"ಕೂಗ್ಬ್ಯಾಡ ಕಣೇ, ಆಸ್ಪತ್ರೆ ಇದು."

"ನನಗೆ ಡಾಕ್ಟರು ಕುಯ್ದು ಹೊಟ್ಟೆ ಸಣ್ಣ ಮಾಡವ್ರೆ. ನಿಮಗೇನಾಗೈತೆ?"

"ಒಂದು ಸೂರಿನ ಕೆಳಗೆ ಒಬ್ಬಳು ಹಸ್ಕಂಡು ಬೂದಿಗುಡ್ಡೆ ಮುಂದೆ ಕೊಬ್ಬರಿ ಉಗುಳ್ತಾ ಅಳ್ತಾ ಕುಂತಿರ್ಬೇಕಾರೆ, ಇನ್ನೊಬ್ಬಳು ಮುದ್ದೆ ನುಂಗಾದು ಹೆಂಗೆ? ನುಂಗಿ ನೋಡಿದೆ. ಗಂಟಲಲ್ಲಿ ಇಳೀಲಿಲ್ಲ." ನನ್ನ ಕೈ ಹಿಡಿದು, ಆ ಸ್ಥಿತಿಯಲ್ಲೂ ನಕ್ಕರು. "ನಾನು ಉಂಡಿದ್ದು ನಿನ್ ಮೈಗೆ ಹತ್ತುತ್ತಲ್ಲ. ಹತ್ತಿಬಿಟ್ರೆ ಕುಯ್ಸ್ಕಂಡಿದ್ದೆಲ್ಲ ದಂಡ ಅಲ್ವೇನೇ?"

ಮಾತ್ರೆ ಯಾಕೆ ನುಂಗುತ್ತಿದ್ದಿರಿ ಎಂದರೆ, ಮಾತ್ರೆ ಬಿಡಬಾರದು ಎಂದು ಡಾಕ್ಟರು ಹೇಳಿದ್ದಾರಲ್ಲ ಎಂದರು. ಊಟ ಬಿಡಬಾರದು ಎಂದು ಯಾರೂ ಹೇಳಿರಲಿಲ್ಲ. ಎರಡು ಮುದ್ದೆ ಉಣ್ಣುವವರಿಗೆ ಅದನ್ನು ಹೇಳಬೇಕು ಎಂದು ಯಾರಿಗೆ ಹೊಳೆಯುತ್ತದೆ? ನನ್ನ ಗಂಡ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಮುಖ ಆ ಕಡೆ ತಿರುಗಿಸಿಕೊಂಡರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮನೆಗೆ ಬಂದ ಮೇಲೆ ನಾನು ಒಂದು ನಿಯಮ ಮಾಡಿದೆ. ಸೌದೆ ಒಲೆ ಬಂದ್. ಅಡುಗೆ ಒಳಗೇ. ಊಟ ಮೊದಲಿನ ಹಾಗೆ ಎದುರುಬದುರು. ನನ್ನ ಕಣ್ಣೆದುರಿಗೆ ಅತ್ತೆ ಪೂರ್ತಿ ಮುದ್ದೆ ಉಣ್ಣಬೇಕು. ಹೇಳುವುದಕ್ಕೆ ಸುಲಭವಾಗಿತ್ತು. ಮೊದಲ ದಿನ ಬಿಸಿ ಮುದ್ದೆಯ ಆವಿ, ಸೊಪ್ಪಿನ ಸಾರಿನ ಬೆಳ್ಳುಳ್ಳಿ ವಾಸನೆ ಮುಖಕ್ಕೆ ಹೊಡೆದಾಗ ಎದ್ದು ಓಡಿಹೋಗೋಣ ಅನ್ನಿಸಿತು. ಓಡಿದರೆ ಅವರು ಉಣ್ಣುವುದಿಲ್ಲ. ತುತ್ತು ಮುರಿದು ಸಾರಿಗೆ ಅದ್ದಿ ಬಾಯಿಯ ಹತ್ತಿರ ತಂದವರು ನನ್ನ ಮುಖ ನೋಡಿ ಕೈ ಇಳಿಸಿದರು. ಇಬ್ಬರ ಕಣ್ಣಲ್ಲೂ ನೀರು.

"ನುಂಗ್ರಿ ಅತ್ತೆ" ಎಂದೆ, ಬಸ್ಸಿನಲ್ಲಿ ಒಳಕ್ಕೆ ನಡೀರಿ ಎನ್ನುವ ದನಿಯಲ್ಲಿ.

"ಹಂಗೆ ನೋಡ್ತಾ ಕುಂತ್ರೆ ಹೆಂಗೆ ನುಂಗ್ಲೇ?"

"ನೋಡ್ತಾನೇ ಇರ್ತೀನಿ. ನುಂಗಿ."

ನುಂಗಿದರು. ನನ್ನ ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ಇನ್ನೇನನ್ನೂ ನೋಡಿಲ್ಲ. ನಿಜವಾದ ಹಸಿವೇನು ಎನ್ನುವುದು ಆ ದಿನ ತಿಳಿಯಿತು, ಆದರೂ ತುತ್ತು ಅವರ ಗಂಟಲು ಇಳಿದಾಗ ನನಗೆ ಎಷ್ಟು ನೆಮ್ಮದಿಯಾಯಿತೆಂದರೆ ಅದನ್ನು ಯಾರಿಗೂ ಹೇಳಿ ತಿಳಿಸಲಾರೆ. ದಿನ ಹೋದಂತೆ ಅಭ್ಯಾಸವಾಯಿತು. ನಾನು ಒಂದೊಂದು ಚಮಚವನ್ನೂ ಬಹಳ ಹೊತ್ತು ಬಾಯಲ್ಲಿಟ್ಟುಕೊಂಡು ನುಂಗಬೇಕಿತ್ತು. ನನ್ನ ಬಟ್ಟಲು ಖಾಲಿಯಾಗುವ ಹೊತ್ತಿಗೆ ಸರಿಯಾಗಿ ಅವರ ಮುದ್ದೆ ಮುಗಿಯುತ್ತಿತ್ತು. "ನೋಡು, ಇಬ್ಬರದ್ದೂ ಒಂದೇ ಹೊತ್ತು ಹಿಡೀತು" ಎಂದು ಅತ್ತೆಗೆ ಖುಷಿ. ಕೆಂಚ ಮತ್ತೆ ಬಡಕಲಾದ. ಅವನು ಹಿತ್ತಿಲ ಬಾಗಿಲಲ್ಲಿ ಕೂತು ನನ್ನನ್ನು ನೋಡುತ್ತಿದ್ದ ನೋಟ ಅಷ್ಟೇನೂ ಸ್ನೇಹದ್ದಾಗಿರಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಡ್ಯೂಟಿಗೆ ಹೋಗಬಹುದು ಎಂದರು. ಯೂನಿಫಾರ್ಮ್ ಹೊಲಿಸಿ ಚಿಕ್ಕದು ಮಾಡಿಸಿದ್ದಾಯಿತು. ನನ್ನ ತಲೆಯ ಮೇಲೆ ಅತ್ತೆಯ ಕೈ ಇಡಿಸಿ ಆಣೆ ಹಾಕಿಸಿಕೊಂಡೆ, ಒಂದು ಗಂಟೆಗೆ ಉಣ್ಣಬೇಕು, ನನ್ನನ್ನು ಕಾಯಬಾರದು. "ಆಯ್ತು ಮಾರಾಯ್ತಿ, ನೀನು ಹೋಗು" ಎಂದರು. ದಿನಾ ಬೇಲೂರು ಸ್ಟ್ಯಾಂಡಿನಿಂದ ಫೋನು ಮಾಡುತ್ತಿದ್ದೆ. ಉಂಡ್ರಾ ಎಂದರೆ ಉಂಡೆ ಎನ್ನುತ್ತಿದ್ದರು. ಏನು ಸಾರು, ಎಷ್ಟು ಮುದ್ದೆ, ಎಲ್ಲ ಹೇಳುತ್ತಿದ್ದರು. ಸಂಜೆ ಪಾತ್ರೆ ನೋಡಿದರೆ ಖಾಲಿಯಾಗಿರುತ್ತಿತ್ತು, ಕೆಂಚ ಬಡಕಲಾಗಿಯೇ ಇದ್ದ. ನಾನು ನಂಬಿದೆ.

ಬಿಸಿಲು ಏರಿದ್ದ ಒಂದು ದಿನ ಹಾಗೇ ಫೋನು ಮಾಡಿದೆ. "ಉಂಡೆ ಕಣೇ, ಎರಡು ಮುದ್ದೆ. ಹುರುಳಿ ಸಾರು. ನೀನು ಆ ನಿನ್ನ ಊಟದ ಡಬ್ಬಿ ಖಾಲಿ ಮಾಡಿದ್ಯಾ?" ಎಂದರು. ಮಾಡಿದೆ ಎಂದೆ. ದನಿ ಎಂದಿನಂತೆಯೇ ಇತ್ತು.

ಮನೆಗೆ ಬಂದಾಗ ಮೂರೂವರೆ. ಅತ್ತೆ ಅಡುಗೆಮನೆಯ ಗೋಡೆಗೆ ಒರಗಿ, ಕಾಲು ಚಾಚಿಕೊಂಡು ಕೂತಿದ್ದರು, ತಮ್ಮ ಜಾಗದಲ್ಲೇ. ನಿದ್ದೆ ಹೋಗಿದ್ದಾರೆ ಎಂದುಕೊಂಡೆ. ಅವರ ಮುಂದೆ ಅವರ ತಟ್ಟೆ ಬೋರಲಾಗಿತ್ತು. ಎದುರಿಗೆ ನನ್ನ ಪುಟ್ಟ ಬಟ್ಟಲು, ಅದೂ ಬೋರಲಾಗಿತ್ತು. ಹುರುಳಿ ಸಾರು ಮುಚ್ಚಿದ ಹಾಗೇ ಇತ್ತು. ಮುದ್ದೆಯ ಪಾತ್ರೆ ತೆಗೆದರೆ ಒಳಗೆ ಎರಡು ಮುದ್ದೆ ಇನ್ನೂ ಬೆಚ್ಚಗಿದ್ದವು. ಅತ್ತೆಯ ಕೈ ಬೆಚ್ಚಗಿರಲಿಲ್ಲ.

ಹೃದಯ ನಿಂತಿದೆ, ವಯಸ್ಸು, ಸಕ್ಕರೆ ಕಾಯಿಲೆ ಬೇರೆ, ಯಾವಾಗ ಬೇಕಾದರೂ ಆಗಬಹುದಿತ್ತು ಎಂದರು ಡಾಕ್ಟರು. ಇರಬಹುದು. ಉಂಡಿದ್ದರೂ ಹೋಗುತ್ತಿದ್ದರೋ ಏನೋ. ಮಣ್ಣಿಗೆ ಬಂದ ನೆಂಟರು, ಅತ್ತು ಮುಗಿಸಿ ಕಣ್ಣೊರೆಸಿಕೊಂಡು, "ಎಷ್ಟು ಸಣ್ಣ ಆಗಿದೀಯಲ್ಲೇ ಮಂಜುಳಾ, ಚೆನ್ನಾಗಿ ಕಾಣ್ತೀಯ" ಎಂದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವಷ್ಟು ಶಕ್ತಿಯೂ ನನ್ನಲ್ಲಿರಲಿಲ್ಲ. ಹಸಿವು ಅವತ್ತು ಹೋದದ್ದು ಬಹಳ ದಿನ ಬರಲಿಲ್ಲ. ಡಾಕ್ಟರಿಗೆ ಆಗದಿದ್ದದ್ದು ಹಾಗೆ ಆಯಿತು.

ಆ ವರ್ಷ ಮಹಾಲಯ ಅಮಾವಾಸ್ಯೆಗೆ ಅತ್ತೆಗೆ ಮೊದಲ ಎಡೆ. ಹಿರಿಯರ ಹಬ್ಬದಲ್ಲಿ ಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಅವರ ಫೋಟೋ ಮುಂದೆ ಬಾಳೆಲೆಯಲ್ಲಿ ಬಡಿಸಿ, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಳ್ಳುವುದು ನಮ್ಮಲ್ಲಿ ಪದ್ಧತಿ. ಬದುಕಿರುವವರು ನೋಡುತ್ತ ನಿಂತರೆ ಹಿರಿಯರು ಸಂಕೋಚಪಟ್ಟು ಉಣ್ಣದೆ ಹೋಗುತ್ತಾರೆ ಎನ್ನುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು, ಬಾಗಿಲು ತಟ್ಟಿ ಒಳಗೆ ಹೋಗಿ, ಆಮೇಲೆ ಮನೆಯವರ ಊಟ.

ಅಡುಗೆಗೆ ಸಾಮಾನು ತೆಗೆಯುವಾಗ ಅಟ್ಟದಲ್ಲಿ ಆ ಡಬ್ಬ ಸಿಕ್ಕಿತು. ಮುಚ್ಚಳ ತೆಗೆದರೆ ಒಣಗಿದ ಹಿತುಕಿದ ಬೇಳೆ, ಮೇಲೆ ಹುಳು ಬೀಳದಿರಲೆಂದು ನಾಲ್ಕು ಒಣಮೆಣಸಿನಕಾಯಿ. ಸೊಗಡು ಸ್ವಲ್ಪವೇ ಉಳಿದಿತ್ತು. ಮೂಗಿನ ಹತ್ತಿರ ಹಿಡಿದು ಅಟ್ಟದ ಏಣಿಯ ಮೇಲೇ ಅತ್ತುಬಿಟ್ಟೆ. ನೆನೆಹಾಕಿ, ಕಾಯಿ ರುಬ್ಬಿ, ಅವರು ಮಾಡುತ್ತಿದ್ದ ಹಾಗೇ ಸಾರು ಮಾಡಿದೆ. ಎರಡು ಮುದ್ದೆ ಕಟ್ಟಿದೆ, ಅವರ ಅಳತೆಯವು. ಮೂರನೆಯದು ನಿಂಬೆಹಣ್ಣಿನಷ್ಟು, ನನ್ನದು.

ಎಡೆ ಇಟ್ಟು, ಪೂಜೆ ಮಾಡಿ, ಕೈ ಮುಗಿದು ಎಲ್ಲರೂ ಹೊರಗೆ ಹೊರಟರು. ನಾನು ಏಳಲಿಲ್ಲ. ಅತ್ತೆಯ ಎಲೆಯ ಎದುರಿಗೆ ನನ್ನ ಬಟ್ಟಲು ಇಟ್ಟುಕೊಂಡು ಚಕ್ಕಳಮಕ್ಕಳ ಹಾಕಿ ಕೂತೆ. ನಾದಿನಿ ಸಾವಿತ್ರಿ ಬಾಗಿಲಲ್ಲಿ ನಿಂತು ಗಾಬರಿಯಾದಳು.

"ಅತ್ತಿಗೆ, ಏಳಿ. ನೋಡ್ತಾ ಕುಂತ್ರೆ ಅವ್ವ ಉಣ್ಣಾಕಿಲ್ಲ."

"ನಾನು ಎದ್ದು ಹೋದ್ರೆ ಉಣ್ಣಾಕಿಲ್ಲ ಕಣೇ ಸಾವಿತ್ರಿ" ಎಂದೆ.

ಅವಳು ಅಣ್ಣನ ಮುಖ ನೋಡಿದಳು. ನನ್ನ ಗಂಡ ಸ್ವಲ್ಪ ಹೊತ್ತು ತಾಯಿಯ ಫೋಟೋ ನೋಡುತ್ತ ನಿಂತಿದ್ದರು. "ಕುಂತ್ಕಳ್ಲಿ ಬಿಡು" ಎಂದು ತಂಗಿಯನ್ನು ಹೊರಗೆ ಕರೆದುಕೊಂಡು ಹೋಗಿ ಬಾಗಿಲು ಎಳೆದುಕೊಂಡರು.

ನಾನು ಒಂದು ಚಿಕ್ಕ ತುತ್ತು ಮುರಿದು ಬೇಳೆ ಸಾರಿಗೆ ಅದ್ದಿದೆ. ಹಿರಿಯರಿಗಿಂತ ಮುಂಚೆ ಮನೆಯವರು ಬಾಯಿಗೆ ಹಾಕಬಾರದು ಎನ್ನುವುದು ನನಗೂ ಗೊತ್ತು. ಹಾಕಿಕೊಂಡೆ. ನಿಧಾನವಾಗಿ, ನನಗೆ ಹೇಳಿಕೊಟ್ಟ ಹಾಗೆ, ಬಹಳ ಹೊತ್ತು ಬಾಯಲ್ಲಿಟ್ಟುಕೊಂ‌ಡು ನುಂಗಿದೆ. ಎಷ್ಟೋ ತಿಂಗಳ ಮೇಲೆ ಹಸಿವಾಗುತ್ತಿತ್ತು. "ನಾನು ಶುರು ಮಾಡಿದೀನಿ, ಈಗ ನೀವು ನುಂಗ್ರಿ ಅತ್ತೆ" ಎಂದೆ.

ಹೊರಗೆ ಜಗಲಿಯಲ್ಲಿ ಮಾತು, ಕೆಮ್ಮು. ಸ್ವಲ್ಪ ಹೊತ್ತಾದ ಮೇಲೆ ಸಾವಿತ್ರಿ ಮೆಲ್ಲಗೆ ಬಾಗಿಲು ತಟ್ಟಿದಳು.

"ಅತ್ತಿಗೆ, ಆಯ್ತಾ? ಬಾಗಿಲು ತೆಗೀಲಾ?"

ನನ್ನ ಬಟ್ಟಲಿನಲ್ಲಿ ಇನ್ನೂ ಎರಡು ತುತ್ತು ಉಳಿದಿತ್ತು.

"ತಡಿ" ಎಂದೆ. "ಅತ್ತೆ ಇನ್ನೂ ಉಣ್ತಾ ಅವ್ರೆ."